ಹೆಬ್ಬೆರಳಿನ ಗಂಟಿಗೆ ಜಾಗ ಕೊಡುವ ಚಪ್ಪಲಿ: ಕರಾವಳಿಯವರು ಆರಿಸುವುದು ಹೇಗೆ?

ಹೆಬ್ಬೆರಳಿನ ಬುಡದಲ್ಲಿ, ಪಾದದ ಒಳಬದಿಗೆ ಮೂಳೆ ಉಬ್ಬಿ ನಿಂತಿರುತ್ತದೆ. ಶೂ ಹಾಕಿದರೆ ಅಲ್ಲೇ ಉಜ್ಜುತ್ತದೆ, ಸಂಜೆ ಹೊತ್ತಿಗೆ ಕೆಂಪಾಗಿ ಉರಿಯುತ್ತದೆ. ಬೆರಳು ನೆಟ್ಟಗೆ ನಿಲ್ಲದೆ ಪಕ್ಕದ ಬೆರಳಿನ ಕಡೆ ವಾಲುತ್ತದೆ. ಡಾಕ್ಟರುಗಳು ಇದನ್ನು ಬನಿಯನ್ ಅಥವಾ ಹ್ಯಾಲಕ್ಸ್ ವ್ಯಾಲ್ಗಸ್ ಅನ್ನುತ್ತಾರೆ. ಇಲ್ಲಿ ನಾನು ಸುಮ್ನೆ ಗಂಟು ಅಂತ ಬರೆಯುತ್ತೇನೆ.

ಗಂಟು ಅಂದ ಕೂಡಲೇ ಅಲ್ಲಿ ಏನೋ ಹೊಸದಾಗಿ ಬೆಳೆದಿದೆ ಎಂದು ಹೆದರುವವರಿದ್ದಾರೆ. ಅಲ್ಲಿ ನಿಜವಾಗಿ ಆಗುವುದು ಬೇರೆ. ಹೆಬ್ಬೆರಳಿಗೆ ಸೇರುವ ಪಾದದ ಉದ್ದ ಮೂಳೆ ನಿಧಾನವಾಗಿ ಒಳಬದಿಗೆ ಸರಿಯುತ್ತದೆ. ಬೆರಳು ಅದರ ಎದುರು ದಿಕ್ಕಿಗೆ ವಾಲುತ್ತದೆ. ಎರಡೂ ಸೇರುವ ಕೀಲು ಮಡಚಿದ ಮೊಣಕೈಯ ಹಾಗೆ ಹೊರಗೆ ಚಾಚುತ್ತದೆ. ಅದರ ಮೇಲೆ ಚಪ್ಪಲಿಯ ಪಟ್ಟಿ ದಿನವಿಡೀ ಉಜ್ಜಿದಾಗ ಚರ್ಮದ ಕೆಳಗೆ ಊತ ಬರುತ್ತದೆ, ನೋವು ಶುರುವಾಗುತ್ತದೆ.

ಅಮ್ಮನಿಗೋ ಅಜ್ಜಿಗೋ ಇದ್ದರೆ ನಿಮಗೂ ಬರುವ ಸಂಭವ ಜಾಸ್ತಿ, ಏಕೆಂದರೆ ಪಾದದ ಆಕಾರ ಮನೆತನದಲ್ಲಿ ಹರಿದು ಬರುತ್ತದೆ. ಚಪ್ಪಟೆ ಪಾದ, ಸಡಿಲ ಕೀಲು, ರುಮಟಾಯ್ಡ್ ಸಂಧಿವಾತ ಇದ್ದವರಲ್ಲೂ ಹೆಚ್ಚು. ಆದರೆ ಪಾದರಕ್ಷೆಯ ಪಾಲು ಸಣ್ಣದಲ್ಲ. 1958ರಲ್ಲಿ ಹಾಂಗ್‌ಕಾಂಗ್‌ನ ವೈದ್ಯರು ಒಂದು ಹೋಲಿಕೆ ಪ್ರಕಟಿಸಿದರು. ಶೂ ಹಾಕುವವರಲ್ಲಿ ಶೇಕಡ 33 ಜನರ ಹೆಬ್ಬೆರಳು ಸ್ವಲ್ಪವಾದರೂ ವಾಲಿತ್ತು. ಬರಿಗಾಲಿನಲ್ಲೇ ಬದುಕಿದವರಲ್ಲಿ ಅದು ಶೇಕಡ 1.9 ಮಾತ್ರ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ವಾಲಿದ ಮೂಳೆಯನ್ನು ಯಾವ ಚಪ್ಪಲಿಯೂ ನೆಟ್ಟಗೆ ಮಾಡುವುದಿಲ್ಲ. ಹಾಗೆ ಮಾಡುತ್ತೇವೆ ಎಂದು ಜಾಹೀರಾತು ಹೇಳಿದರೆ ನಂಬಬೇಡಿ. ಸರಿಯಾದ ಜೋಡಿ ಉಜ್ಜುವುದನ್ನು ನಿಲ್ಲಿಸುತ್ತದೆ, ನೋವು ಇಳಿಸುತ್ತದೆ, ಹೊರಗಿನ ಒತ್ತಡದಿಂದ ಬೆರಳು ಇನ್ನಷ್ಟು ವಾಲದ ಹಾಗೆ ನೋಡಿಕೊಳ್ಳುತ್ತದೆ. ದಿನಾ ನಿಂತೇ ಕೆಲಸ ಮಾಡುವವರಿಗೆ ಇಷ್ಟೇ ದೊಡ್ಡ ಉಪಕಾರ.

ಮೊದಲ ಕೆಲಸ: ಕಾಗದದ ಮೇಲೆ ಪಾದ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಇದನ್ನು ಮಾಡಿ. ಸಂಜೆ ಹೊತ್ತು ಒಳ್ಳೆಯದು. ದಿನವಿಡೀ ನಡೆದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಂತೂ ಏಪ್ರಿಲ್, ಮೇ ತಿಂಗಳಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಕಾಣುತ್ತದೆ.

ಗಟ್ಟಿ ನೆಲದ ಮೇಲೆ ಬಿಳಿ ಕಾಗದ ಇಡಿ. ಅದರ ಮೇಲೆ ನಿಂತು ಎರಡೂ ಕಾಲಿಗೆ ಸಮ ಭಾರ ಹಾಕಿ. ಕೂತು ಬರೆದರೆ ಪಾದ ಪೂರ್ತಿ ಹರಡುವುದಿಲ್ಲ, ಅಳತೆ ತಪ್ಪುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಿರಿ. ನೀವೇ ಬಗ್ಗಿದರೆ ಭಾರ ಬದಲಾಗುತ್ತದೆ, ಅದಕ್ಕೆ ಮನೆಯವರ ಕೈಲಿ ಬರೆಸಿ. ಎರಡೂ ಪಾದ ಬರೆಯಲೇಬೇಕು. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವುದು ಬಹಳ ಸಾಮಾನ್ಯ. ಗಂಟು ಇದ್ದವರಲ್ಲಿ ಅಗಲದ ವ್ಯತ್ಯಾಸ ಇನ್ನೂ ಹೆಚ್ಚಿರಬಹುದು. ಕಾಲುಂಗುರ ಹಾಕುವವರು ಅದನ್ನು ತೆಗೆಯದೆಯೇ ಬರೆಸಿ. ಹೆಬ್ಬೆರಳು ವಾಲಿದಾಗ ಉಂಗುರದ ಬೆರಳಿಗೇ ಒತ್ತುತ್ತದೆ. ಬಿಗಿಯಾದ ಶೂ ಒಳಗೆ ಆ ಉಂಗುರ ಎರಡೂ ಬೆರಳಿಗೆ ಗಾಯ ಮಾಡಬಹುದು.

ಈಗ ಎರಡು ಅಳತೆ ತೆಗೆಯಿರಿ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿವರೆಗೆ ಒಂದು. ಕೆಲವರಿಗೆ ಎರಡನೆಯ ಬೆರಳೇ ಉದ್ದ ಇರುತ್ತದೆ, ಗಮನಿಸಿ. ಗಂಟು ಸೇರಿಸಿ ಅತಿ ಅಗಲದ ಜಾಗದಲ್ಲಿ ಇನ್ನೊಂದು. ಚಿತ್ರವನ್ನು ಗೆರೆಯ ಗುಂಟ ಕತ್ತರಿಸಿ, ಪಾದದ ಅಚ್ಚು ಮಾಡಿಕೊಳ್ಳಿ. ಪರ್ಸಿನಲ್ಲಿ ಮಡಚಿಟ್ಟರೆ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ಸಲಹೆಗಾರ ಸಿಗುವುದಿಲ್ಲ.

ಮನೆಯಲ್ಲಿರುವ ಜೋಡಿಗಳನ್ನು ನೋಡಿ

ಅಚ್ಚನ್ನು ನೀವು ದಿನಾ ಹಾಕುವ ಶೂ ಅಥವಾ ಚಪ್ಪಲಿಯ ಅಟ್ಟೆಯ ಮೇಲೆ ಇಡಿ. ಶೂ ಆದರೆ ಒಳಗಿನ ಹಾಸು ಹೊರಗೆ ತೆಗೆದು ಅದರ ಮೇಲೆ ಬರಿಗಾಲಿನಲ್ಲಿ ನಿಲ್ಲಿ. ಪಾದ ಅಂಚು ದಾಟಿ ಹೊರಗೆ ಬಂತಾ? ಅಷ್ಟನ್ನೂ ಆ ಶೂ ದಿನವಿಡೀ ಒಳಗೆ ಅದುಮುತ್ತಿದೆ ಎಂದು ಅರ್ಥ.

ಬಹುಪಾಲು ಜನರಿಗೆ ಅಚ್ಚರಿಯಾಗುವುದು ಆಕಾರ ನೋಡಿದಾಗ. ನಮ್ಮ ಪಾದ ಬೆರಳಿನ ಕಡೆ ಅಗಲವಾಗುತ್ತದೆ, ಶೂ ಅದೇ ಜಾಗದಲ್ಲಿ ಚೂಪಾಗುತ್ತದೆ. ಪಾದದ ಒಳ ಅಂಚು ಹೆಬ್ಬೆರಳಿನವರೆಗೆ ಹೆಚ್ಚು ಕಡಿಮೆ ನೇರ. ಶೂನ ಒಳ ಅಂಚು ಮಾತ್ರ ಹೆಬ್ಬೆರಳು ಬರುವಲ್ಲಿ ಒಳಕ್ಕೆ ತಿರುಗುತ್ತದೆ. ಹೆಬ್ಬೆರಳನ್ನು ತಳ್ಳುವುದು ಈ ತಿರುವೇ. ಹೀಗಾಗಿ ಶೂ ಅಗಲ ಇದ್ದರಷ್ಟೇ ಸಾಲದು, ಒಳ ಅಂಚು ನೇರವೂ ಇರಬೇಕು.

ಕರಾವಳಿಯ ಬದುಕಿಗೆ ಸೇರಿದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ನಾವು ದಿನಕ್ಕೆ ಎಷ್ಟು ಸಲ ಚಪ್ಪಲಿ ಬಿಡುತ್ತೇವೆ, ನೆನಪಿಸಿಕೊಳ್ಳಿ. ಮನೆಯ ಬಾಗಿಲಲ್ಲಿ, ದೇವಸ್ಥಾನದಲ್ಲಿ, ಮಸೀದಿಯಲ್ಲಿ, ನೆಂಟರ ಮನೆಯಲ್ಲಿ, ಎಷ್ಟೋ ಕ್ಲಿನಿಕ್ಕುಗಳ ಹೊರಗೂ. ಉಡುಪಿಯ ರಥಬೀದಿಗೆ ಹೋದವರು ಲೇಸ್ ಬಿಚ್ಚುತ್ತಾ ಕೂರುವುದಿಲ್ಲ. ಹಾಗಾಗಿ ಥಟ್ಟನೆ ಬಿಟ್ಟು ಥಟ್ಟನೆ ಹಾಕುವ ಜೋಡಿಯೇ ನಮಗೆ ಬೇಕು ಅನ್ನಿಸುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ಕಟ್ಟಲು ಪಟ್ಟಿ ಇಲ್ಲದ ಶೂ ಪಾದವನ್ನು ಹಿಡಿದುಕೊಳ್ಳುವುದು ಹೇಗೆ? ಮುಂಭಾಗ ಬಿಗಿಯಾಗಿದ್ದರೆ ಮಾತ್ರ. ನರ್ಸುಗಳು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಲ್ಲುವ ಹುಡುಗಿಯರು ಹಾಕುವ ಕಪ್ಪು ಬೆಲ್ಲಿ ಶೂಗಳನ್ನು ನೋಡಿ. ಬೆರಳುಗಳನ್ನು ಅದುಮಿ ಹಿಡಿದೇ ಅವು ಕಾಲಲ್ಲಿ ನಿಲ್ಲುತ್ತವೆ. ಇನ್ನು ಸಡಿಲ ಸ್ಲಿಪ್ಪರ್‌ನಲ್ಲಿ ಕೆಲಸ ತಿರುಗುಮುರುಗಾಗುತ್ತದೆ. ಚಪ್ಪಲಿ ಜಾರದಂತೆ ಬೆರಳುಗಳೇ ಅದನ್ನು ಪ್ರತಿ ಹೆಜ್ಜೆಗೂ ಕಚ್ಚಿ ಹಿಡಿಯಬೇಕಾಗುತ್ತದೆ.

ಎರಡಕ್ಕೂ ಉತ್ತರ ಒಂದೇ: ಮುಂದೆ ಅಗಲ, ಮೇಲೆ ಹೊಂದಿಸಬಹುದಾದ ಪಟ್ಟಿ, ಹಿಮ್ಮಡಿಯ ಹಿಂದೆ ಇನ್ನೊಂದು ಪಟ್ಟಿ. ವೆಲ್ಕ್ರೋ ಇದ್ದರೆ ಬಿಡಲು, ಹಾಕಲು ಹೆಚ್ಚು ಹೊತ್ತು ಬೇಡ. ಗಂಟಿನ ನೋವು ಇರುವವರಿಗೆ ನಾನು ಮೊದಲು ಹೇಳುವುದೇ ವೆಲ್ಕ್ರೋ ಪಟ್ಟಿಯ ಅಗಲ ಸ್ಯಾಂಡಲ್. ದುಬಾರಿ ವಿದೇಶಿ ಶೂ ಆಮೇಲಿನ ಮಾತು.

ಅಂಗಡಿಯಲ್ಲಿ ಏನು ನೋಡಬೇಕು

ಸೈಜ್ ನಂಬರ್ ಕೇಳಿ ಕೊಳ್ಳುವುದನ್ನು ಬಿಡಿ. ನಮ್ಮಲ್ಲಿ ಹೆಚ್ಚಾಗಿ ಬ್ರಿಟಿಷ್ ನಂಬರ್ ನಡೆಯುತ್ತದೆ. ಅದು ಉದ್ದದ ಲೆಕ್ಕ, ಅಗಲದ ಬಗ್ಗೆ ಏನೂ ಹೇಳುವುದಿಲ್ಲ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಯೂರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಅದರಿಂದ ತಿಳಿಯಿತು. 'ಭಾ' ಎಂಬ ಭಾರತೀಯ ಅಳತೆ ಕ್ರಮದ ಪ್ರಸ್ತಾಪ ಹುಟ್ಟಿದ್ದು ಹೀಗೆ. ಶೂ ಬಿಗಿಯಾದಾಗ ತಪ್ಪು ನಿಮ್ಮ ಪಾದದ್ದು ಅಂತ ಅಂದುಕೊಳ್ಳಬೇಡಿ.

ಅಗಲ ಸಾಲದಾಗ ಅಂಗಡಿಯವರು ಒಂದು ಸೈಜ್ ದೊಡ್ಡದು ಕೊಡುತ್ತಾರೆ, ಅಲ್ವಾ? ಬ್ರಿಟಿಷ್ ಲೆಕ್ಕದಲ್ಲಿ ಒಂದು ಸೈಜ್ ಅಂದರೆ ಉದ್ದದಲ್ಲಿ ಸುಮಾರು 8.5 ಮಿಲಿಮೀಟರ್. ಅಗಲ ಸಿಗುವುದು ಅದಕ್ಕಿಂತ ತುಂಬಾ ಕಡಿಮೆ. ಉದ್ದ ಜಾಸ್ತಿಯಾದಾಗ ಪಾದ ಮುಂದಕ್ಕೆ ಜಾರಿ ಮತ್ತೆ ಅದೇ ಚೂಪು ಜಾಗಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಶೂ ಮಡಚುವ ಜಾಗವೂ ನಿಮ್ಮ ಬೆರಳಿನ ಕೀಲೂ ಒಂದಕ್ಕೊಂದು ಕೂಡುವುದಿಲ್ಲ. ಉದ್ದ ಹೆಚ್ಚಿಸುವ ಬದಲು ಅಗಲದ ಮಾದರಿ ಕೇಳಿ. ಕೆಲವು ಕಂಪನಿಗಳು 2ಇ, 4ಇ ಎಂದು ಅಗಲವನ್ನು ಗುರುತಿಸುತ್ತವೆ. ನಂಬರ್ ಹೆಚ್ಚಿದಷ್ಟೂ ಅಗಲ ಹೆಚ್ಚು. ಹೆಂಗಸರ ವಿಭಾಗದಲ್ಲಿ ಅಗಲದ್ದು ಸಿಗದಿದ್ದರೆ ಗಂಡಸರ ವಿಭಾಗದ ಸಣ್ಣ ಸೈಜ್ ಹಾಕಿ ನೋಡಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಹಾಕಿ ನೋಡುವಾಗ ನಿಂತು ನೋಡಿ. ಅತಿ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಇರಬೇಕು. ಬೆರಳುಗಳನ್ನು ಒಳಗೇ ಅಗಲಿಸಲು, ಮೇಲಕ್ಕೆ ಎತ್ತಲು ಆಗಬೇಕು. ಹಿಮ್ಮಡಿ ಮಾತ್ರ ಜಾರಬಾರದು. ಗಂಟಿನ ಮೇಲೆ ಹೊಲಿಗೆ, ಗುಂಡಿ, ಪಟ್ಟಿಯ ಅಂಚು ಯಾವುದೂ ಬರಬಾರದು. ಮೇಲ್ಭಾಗ ಮೆತ್ತಗಿನ ಚರ್ಮ ಅಥವಾ ಹಿಗ್ಗುವ ಬಟ್ಟೆಯದಾಗಿದ್ದರೆ ಒಳ್ಳೆಯದು. ಗಟ್ಟಿ ರೆಕ್ಸಿನ್ ನಿಮ್ಮ ಗಂಟಿಗೆ ಎಂದೂ ಒಗ್ಗುವುದಿಲ್ಲ. "ಹಾಕ್ತಾ ಹಾಕ್ತಾ ಸರಿಯಾಗುತ್ತೆ" ಎಂಬ ಮಾತು ಕೇಳಿ ಕೊಳ್ಳಬೇಡಿ. ಮೊದಲ ಹೆಜ್ಜೆಯಲ್ಲಿ ಚುಚ್ಚುವುದು ನಂತರವೂ ಚುಚ್ಚುತ್ತದೆ. ಅಂಗಡಿಯ ಕಾರ್ಪೆಟ್ ಬಿಟ್ಟು ಗಟ್ಟಿ ನೆಲದ ಮೇಲೆ ನಡೆಯಿರಿ.

ಹಿಮ್ಮಡಿ ಎತ್ತರವಾದಷ್ಟೂ ದೇಹದ ಭಾರ ಮುಂದಿನ ಪಾದಕ್ಕೆ ಬೀಳುತ್ತದೆ, ಬೆರಳುಗಳು ಮೂಲೆಗೆ ಸರಿಯುತ್ತವೆ. 2, 3 ಸೆಂಟಿಮೀಟರ್ ಮೀರದಿದ್ದರೆ ಸಾಕು. ಮದುವೆಗೆ ಹೀಲ್ಸ್ ಬೇಕೇಬೇಕು ಅನ್ನುವವರು ಹಾಲ್‌ವರೆಗೆ ಸ್ಯಾಂಡಲ್ ಹಾಕಿ ಹೋಗಿ, ಅಲ್ಲಿ ಬದಲಿಸಿ, ಫೋಟೋ ಮುಗಿದ ಮೇಲೆ ಬಿಡಿ. ಒಂದು ಸಂಜೆಯ ಹೀಲ್ಸ್‌ನಿಂದ ಗಂಟು ಬರುವುದಿಲ್ಲ. ದಿನನಿತ್ಯದ ಜೋಡಿಯ ಬಗ್ಗೆಯೇ ಹೆಚ್ಚು ಯೋಚಿಸಬೇಕು.

ಅಟ್ಟೆ ಎಲ್ಲಿ ಮಡಚುತ್ತದೆ ನೋಡಿ. ಬೆರಳಿನ ಬುಡದಲ್ಲಿ ಮಡಚಬೇಕು, ನಡುವೆ ಮಡಚಬಾರದು. ಇದಕ್ಕೊಂದು ವಿನಾಯಿತಿ ಉಂಟು. ಹೆಬ್ಬೆರಳನ್ನು ಮೇಲಕ್ಕೆ ಬಾಗಿಸಿದರೇ ನೋವಾಗುವಷ್ಟು ಕೀಲು ಬಿಗಿದಿದ್ದರೆ ತೀರಾ ಬಾಗುವ ಅಟ್ಟೆ ನೋವು ಹೆಚ್ಚಿಸುತ್ತದೆ. ಅಂಥವರಿಗೆ ಮುಂದೆ ಸ್ವಲ್ಪ ಮೇಲೆದ್ದ, ಗಟ್ಟಿ ಅಟ್ಟೆಯೇ ಹಿತ.

ಕೊಲ್ಹಾಪುರಿ ಮಾದರಿಯಲ್ಲಿ ಹೆಬ್ಬೆರಳಿಗೆ ಸುತ್ತಿ ಬರುವ ಬಳೆ ಇರುತ್ತದೆ. ಗಂಟು ಇದ್ದವರಿಗೆ ಅದು ಬೆರಳನ್ನು ಎಳೆದು ತಿಕ್ಕಬಹುದು, ನೋಡಿ ಆರಿಸಿ. ಇಷ್ಟಪಟ್ಟ ಚರ್ಮದ ಚಪ್ಪಲಿ ಒಂದೇ ಜಾಗದಲ್ಲಿ ಒತ್ತುತ್ತಿದ್ದರೆ ಎಸೆಯಬೇಕಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಕೂತು ಚಪ್ಪಲಿ ರಿಪೇರಿ ಮಾಡುವವರಿಗೆ ಕೊಡಿ. ಗಂಟಿನ ಜಾಗದಲ್ಲಿ ಚರ್ಮ ಹಿಗ್ಗಿಸಿ ಕೊಡುತ್ತಾರೆ, ಪಟ್ಟಿ ಬಿಚ್ಚಿ ಸ್ವಲ್ಪ ಸಡಿಲವಾಗಿ ಹೊಲಿದೂ ಕೊಡುತ್ತಾರೆ. ಒತ್ತುವ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿಕೊಂಡು ಹೋದರೆ ಅವರಿಗೆ ಕೆಲಸ ಸುಲಭ. ಹೊಸ ಜೋಡಿಯ ಬೆಲೆಗೆ ಹೋಲಿಸಿದರೆ ಖರ್ಚು ಏನೂ ಅಲ್ಲ.

ಮಳೆಗಾಲದ ನಾಲ್ಕು ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆಯದೇ ಲೆಕ್ಕ. ಒದ್ದೆ ಚರ್ಮ ಒಣಗುವಾಗ ಗಟ್ಟಿಯಾಗುತ್ತದೆ, ಎರಡು ದಿನ ಮೂಲೆಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ನೆನೆದ ಕ್ಯಾನ್ವಾಸ್ ಶೂ ಸಾಕ್ಸ್ ಜೊತೆ ಸೇರಿ ಗಂಟಿನ ಮೇಲಿನ ಚರ್ಮವನ್ನು ಸುಲಿಯುತ್ತದೆ. ಈ ದಿನಗಳಿಗೆ ನೀರು ನಿಲ್ಲದ, ಹಿಂದೆ ಪಟ್ಟಿ ಇರುವ ಫ್ಲೋಟರ್ ಮಾದರಿಯ ಸ್ಯಾಂಡಲ್ ಒಳ್ಳೆಯದು. ಅಟ್ಟೆಯ ಕೆಳಗೆ ಆಳವಾದ ಗೀರುಗಳಿರಲಿ. ಪಾಚಿ ಕಟ್ಟಿದ ಅಂಗಳದ ಕೆಂಪುಕಲ್ಲಿನ ಮೇಲೆ ಸವೆದ ಹವಾಯಿ ಚಪ್ಪಲಿ ಎಷ್ಟು ಜಾರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಸಾಧ್ಯವಾದರೆ ಎರಡು ಜೋಡಿ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಒದ್ದೆಯಾದ ಶೂ ಒಳಗೆ ಹಳೆ ನ್ಯೂಸ್‌ಪೇಪರ್ ತುರುಕಿ ಫ್ಯಾನ್ ಕೆಳಗಿಡಿ. ಬೆಂಕಿಯ ಹತ್ತಿರ ಬೇಡ, ಚರ್ಮ ಸಿಡಿಯುತ್ತದೆ. ಮನೆಗೆ ಬಂದ ಕೂಡಲೇ ಕಾಲು ತೊಳೆದು ಬೆರಳ ಸಂದುಗಳನ್ನು ಒರೆಸಿ. ಹೆಬ್ಬೆರಳು ವಾಲಿ ಪಕ್ಕದ ಬೆರಳಿಗೆ ಅಂಟಿಕೊಂಡಿದ್ದರೆ ಆ ಸಂದಿಗೆ ಗಾಳಿ ಹೋಗುವುದಿಲ್ಲ, ಫಂಗಸ್ ಸೋಂಕು ಬೇಗ ಹಿಡಿಯುತ್ತದೆ. ಉಜ್ಜಿ ಗಾಯವಾಗಿದ್ದರೆ ನಿಂತ ನೀರಿಗೆ ಕಾಲಿಡಬೇಡಿ. ಇಲಿ ಜ್ವರದ ರೋಗಾಣು ಒಳಗೆ ಹೋಗಲು ಅಂಥ ಗಾಯವೇ ದಾರಿ. ಗದ್ದೆ, ತೋಟಕ್ಕೆ ಇಳಿಯುವವರು ಮುಂದೆ ಅಗಲ ಇರುವ ಗಂಬೂಟ್ ಹುಡುಕಿ ತೆಗೆದುಕೊಳ್ಳಿ.

ಬರಿಗಾಲು ಎಷ್ಟು, ಎಲ್ಲಿ

ಪಾದದ ಸಣ್ಣ ಸ್ನಾಯುಗಳಿಗೆ ಕೆಲಸ ಸಿಗುವುದು ಬರಿಗಾಲಿನಲ್ಲಿ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆ ತಜ್ಞರಾದ ರಾವ್ ಮತ್ತು ಜೋಸೆಫ್ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆ ಗುರುತುಗಳನ್ನು ನೋಡಿದ್ದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇಕಡ 8.6ರಷ್ಟು ಚಪ್ಪಟೆ ಪಾದ, ಹಾಕದವರಲ್ಲಿ ಶೇಕಡ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಸ್ಯಾಂಡಲ್ ಮತ್ತು ಸ್ಲಿಪ್ಪರ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಅದು ಗಂಟಿನ ಬಗ್ಗೆ ನಡೆದ ಅಧ್ಯಯನವಲ್ಲ. ಆದರೂ ಬೆಳೆಯುವ ಪಾದಕ್ಕೆ ಬಿಡುವು ಎಷ್ಟು ಮುಖ್ಯ ಎಂದು ನಮ್ಮೂರಿನಿಂದಲೇ ಜಗತ್ತಿಗೆ ಹೋದ ಮಾತು ಅದು. ನನಗೆ ಅದರ ಬಗ್ಗೆ ಹೆಮ್ಮೆ ಇದೆ.

ಹಾಗಾಗಿ ಮಕ್ಕಳನ್ನು ಮನೆಯಲ್ಲಿ, ಅಂಗಳದಲ್ಲಿ ಬರಿಗಾಲಿನಲ್ಲಿ ಆಡಲು ಬಿಡಿ. ಶಾಲೆಯ ಕಪ್ಪು ಶೂ ಇಡೀ ವರ್ಷ ಬರಲಿ ಎಂದು ದೊಡ್ಡದು ಕೊಡಿಸುವುದೂ ಬೇಡ, ಬಿಗಿಯಾದ ಮೇಲೂ ಪರೀಕ್ಷೆ ಮುಗಿಯಲಿ ಎಂದು ಎಳೆಯುವುದೂ ಬೇಡ. ಎರಡು ಮೂರು ತಿಂಗಳಿಗೊಮ್ಮೆ ಒಳಗಿನ ಹಾಸಿನ ಮೇಲೆ ನಿಲ್ಲಿಸಿ ನೋಡಿ. ಅಣ್ಣನ ಕಾಲಿಗೆ ಬಾಗಿದ ಶೂ ತಮ್ಮನಿಗೆ ಬೇಡ. ಮಳೆಗಾಲದಲ್ಲಿ ಸ್ಯಾಂಡಲ್ ಹಾಕಲು ಬಿಡುವ ಶಾಲೆಗಳು ನಮ್ಮಲ್ಲಿವೆ. ನಿಮ್ಮ ಮಕ್ಕಳ ಶಾಲೆಯಲ್ಲಿ ಬಿಡದಿದ್ದರೆ ಪೋಷಕರ ಸಭೆಯಲ್ಲಿ ಕೇಳಿ, ಇದು ಕೇಳಬೇಕಾದ ವಿಷಯವೇ.

ದೊಡ್ಡವರು ನಿಧಾನವಾಗಿ ಶುರು ಮಾಡಬೇಕು. ವರ್ಷಗಟ್ಟಲೆ ದಪ್ಪ ಅಟ್ಟೆಗೆ ಒಗ್ಗಿದ ಪಾದವನ್ನು ಒಮ್ಮೆಲೇ ತೆಳು ಅಟ್ಟೆಯ 'ಬೇರ್‌ಫುಟ್' ಶೂಗೆ ಹಾಕಿದರೆ ಮೀನಖಂಡ, ಹಿಮ್ಮಡಿಯ ನರ ಎಳೆಯುತ್ತವೆ. ಪಾದದ ಮೂಳೆಯಲ್ಲಿ ಸಣ್ಣ ಬಿರುಕೂ ಬರಬಹುದು. ಮೊದಲು ದಿನಕ್ಕೆ 10, 15 ನಿಮಿಷ ಸಾಕು. ಪಣಂಬೂರಿನಲ್ಲೋ ಮಲ್ಪೆಯಲ್ಲೋ ನೀರು ಇಳಿದಾಗ ಸಿಗುವ ಗಟ್ಟಿ, ಸಮತಟ್ಟಾದ ಒದ್ದೆ ಮರಳು ಇದಕ್ಕೆ ಚೆನ್ನ. ಸಡಿಲ ಒಣ ಮರಳು, ಓರೆ ಇಳಿಜಾರು ಬೇಡ. ಸಕ್ಕರೆ ಕಾಯಿಲೆ ಇದ್ದವರಿಗೆ, ಪಾದದಲ್ಲಿ ಸ್ಪರ್ಶ ಮಂದವಾದವರಿಗೆ ಬರಿಗಾಲು ಎಲ್ಲೂ ಬೇಡ, ಮನೆಯೊಳಗೂ ಬೇಡ. ಮೆತ್ತಗಿನ ಒಂದು ಜೋಡಿಯನ್ನು ಮನೆಗೆಂದೇ ಇಟ್ಟುಕೊಳ್ಳಿ. ಟೈಲ್ಸ್ ನೆಲದ ಮೇಲೆ ನಿಂತರೆ ಹಿಮ್ಮಡಿ ನೋವು ಬರುವವರಿಗೂ ಇದೇ ಸಲಹೆ.

ನೋವು ಇರುವಾಗ

ಕೂತಲ್ಲೇ ಮಾಡುವ ಎರಡು ವ್ಯಾಯಾಮ ಹೇಳುತ್ತೇನೆ. ಪಾದ ನೆಲದ ಮೇಲಿಟ್ಟು ಬೆರಳುಗಳನ್ನು ಬೀಸಣಿಗೆ ಬಿಡಿಸಿದಂತೆ ಅಗಲಿಸಿ, ಐದು ಎಣಿಸಿ ಬಿಡಿ. ಆಮೇಲೆ ಕೈಯಿಂದ ಹೆಬ್ಬೆರಳನ್ನು ನೋವಾಗದಷ್ಟು ನೇರಕ್ಕೆ ಎಳೆದು ಹಿಡಿಯಿರಿ. ಬೆರಳ ಸಂದಿಗೆ ಇಡುವ ಸಿಲಿಕಾನ್ ತುಂಡು ಮೆಡಿಕಲ್‌ಗಳಲ್ಲಿ ಸಿಗುತ್ತದೆ. ಇಟ್ಟಷ್ಟು ಹೊತ್ತು ಹಿತವಾಗಬಹುದು, ಆದರೆ ಬಿಗಿಯಾದ ಶೂ ಒಳಗೆ ಇಟ್ಟರೆ ಒತ್ತಡ ಇನ್ನೂ ಹೆಚ್ಚುತ್ತದೆ. ಊದಿದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಇಡಿ, ಸ್ಪರ್ಶ ಮಂದವಾಗಿರುವವರು ಮಾತ್ರ ಇಡಬೇಡಿ. ಸಾಕ್ಸ್ ಕೂಡ ನೋಡಿಕೊಳ್ಳಿ, ಬಿಗಿಯಾದ ನೈಲಾನ್ ಸಾಕ್ಸ್ ಒಳ್ಳೆಯ ಶೂ ಒಳಗೂ ಬೆರಳುಗಳನ್ನು ಕಟ್ಟಿ ಹಾಕುತ್ತದೆ.

ಕೆಲವು ಲಕ್ಷಣಗಳಿಗೆ ಚಪ್ಪಲಿ ಬದಲಿಸುತ್ತಾ ಕೂರಬಾರದು. ಕೀಲು ಒಂದೇ ರಾತ್ರಿಯಲ್ಲಿ ಕೆಂಪಾಗಿ, ಬಿಸಿಯಾಗಿ, ಮುಟ್ಟಲಾಗದಷ್ಟು ನೋವಾದರೆ ಅದು ಗೌಟ್, ಅಂದರೆ ಯೂರಿಕ್ ಆಮ್ಲದಿಂದ ಬರುವ ಕೀಲುಬಾವು, ಆಗಿರಬಹುದು. ಗೌಟ್ ಬಹಳ ಸಲ ಕಾಣಿಸುವುದು ಇದೇ ಕೀಲಿನಲ್ಲಿ. ಸೋಂಕೂ ಆಗಿರಬಹುದು. ಗಾಯ ಒಣಗದಿದ್ದರೆ, ಜೋಮು ಹಿಡಿದರೆ, ಎರಡನೆಯ ಬೆರಳು ಹೆಬ್ಬೆರಳ ಮೇಲೆ ಹತ್ತಿದರೆ, ಮಲಗಿದಾಗಲೂ ನೋವಿದ್ದರೆ, ಚಿಕ್ಕ ಮಕ್ಕಳಲ್ಲೇ ಬೆರಳು ವಾಲಿದ್ದು ಕಂಡರೆ ಮೂಳೆ ಡಾಕ್ಟರಿಗೆ ತೋರಿಸಿ. ಖಾಸಗಿ ಆಸ್ಪತ್ರೆಗೇ ಹೋಗಬೇಕೆಂದಿಲ್ಲ, ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲೂ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆದು ಹೆಬ್ಬೆರಳ ಕೋನ ಅಳೆಯುತ್ತಾರೆ. 15 ಡಿಗ್ರಿ ಮೀರಿದರೆ ವಾಲಿದೆ ಎಂದು ಲೆಕ್ಕ.

ಕೋನ ದೊಡ್ಡದಿದ್ದ ಮಾತ್ರಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಚಪ್ಪಲಿ ಬದಲಿಸಿದರೂ ದಿನದ ಓಡಾಟಕ್ಕೆ ಅಡ್ಡಿಯಾಗುವಷ್ಟು ನೋವಿದ್ದರೆ ಆಗ ಯೋಚಿಸುತ್ತಾರೆ. ಮೂಳೆ ಕತ್ತರಿಸಿ ಸರಿಪಡಿಸಿ ಕೂರಿಸುವ ಕೆಲಸ ಅದು. ಸುಮಾರು ಆರು ವಾರ ವಿಶೇಷ ಶೂ ಹಾಕಬೇಕಾಗಬಹುದು, ಊತ ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಕಾಲು ಚೆಂದ ಕಾಣಲಿ ಎಂಬ ಒಂದೇ ಕಾರಣಕ್ಕೆ ಮಾಡಿಸಬೇಡಿ. ಮಾಡಿಸುವುದೇ ಆದರೆ ಮಳೆಗಾಲ ಕಳೆದ ಮೇಲೆ ಆಗಬಹುದಾ ಎಂದು ಡಾಕ್ಟರಲ್ಲಿ ಕೇಳಿ, ಬ್ಯಾಂಡೇಜ್ ಒಣಗಿರಬೇಕು ನೋಡಿ. ತೋರಿಸಲು ಹೋಗುವಾಗ ಹೊಸ ಜೋಡಿ ಹಾಕಿಕೊಂಡು ಹೋಗಬೇಡಿ. ದಿನಾ ಹಾಕಿ ಸವೆಸಿದ್ದನ್ನೇ ಹಾಕಿಕೊಂಡು ಹೋಗಿ. ಅಟ್ಟೆ ಯಾವ ಬದಿಗೆ ಸವೆದಿದೆ, ಮೇಲ್ಭಾಗ ಎಲ್ಲಿ ಉಬ್ಬಿದೆ ಎಂದು ನೋಡಿದರೆ ನಿಮ್ಮ ಭಾರ ಎಲ್ಲಿ ಬೀಳುತ್ತಿದೆ ಎಂಬುದು ಡಾಕ್ಟರಿಗೆ ಬೇಗ ತಿಳಿಯುತ್ತದೆ.